ಏಳನೆಯ ಪಾಠ ಮತ್ತು ಬಂಟ್ವಾಳದ ಚಹಾದಂಗಡಿ

ಮೂವತ್ತೈದು ತುಂಬುವ ಮೊದಲೇ ವೃತ್ತಿಯ ನೆನಪು ಬರೆಯಲು ಕೂತವಳನ್ನು ಕಂಡರೆ ನಗು ಬರುವುದು ಸಹಜ. ನಕ್ಕು ಮುಗಿದ ಮೇಲೆ ನನ್ನ ವಾದ ಕೇಳಿ. ನಾನು ಮಾಡಿದ ಕೆಲಸ ನಾನು ಕಾಲೇಜು ಓದುವಾಗ ನಮ್ಮ ಜಿಲ್ಲೆಯಲ್ಲಿ ಇರಲಿಲ್ಲ. ನಾನು ಬಿಡುವ ಹೊತ್ತಿಗೆ ಕಚೇರಿಯ ಬಾಗಿಲಿಗೇ ಬೀಗ ಬಿತ್ತು. ಒಂದು ಕೆಲಸ ಹುಟ್ಟಿದ್ದನ್ನೂ ಸತ್ತದ್ದನ್ನೂ ನೋಡಿದವಳಿಗೆ ನಿವೃತ್ತಳೆಂದು ಹೇಳಿಕೊಳ್ಳುವ ಹಕ್ಕಿಲ್ಲ ಎನ್ನುವವರು ಎದುರು ಬಂದು ಹೇಳಲಿ.

ಕೆಲಸ ಇಷ್ಟೇ. ಹೊರದೇಶದ ಒಂದು ಕಂಪೆನಿ ಕಂಪ್ಯೂಟರಿನೊಳಗೆ ಒಂದು ಲೋಕ ಮಾಡಿಟ್ಟಿತ್ತು. ಅದರಲ್ಲಿ ನೆಲ, ನೀರು, ಆಕಾಶ ಬಿಟ್ಟರೆ ಬೇರೇನೂ ಇರಲಿಲ್ಲ. ಮನೆ, ಮರ, ಅಂಗಿ, ಕುರ್ಚಿ ಎಲ್ಲವನ್ನೂ ಒಳಗೆ ಬಂದವರೇ ಕಟ್ಟಿಕೊಳ್ಳಬೇಕು. ಪ್ರತಿಯೊಬ್ಬರಿಗೂ ಒಂದು ಗೊಂಬೆ; ಆ ಗೊಂಬೆಯಾಗಿ ಅಲ್ಲಿ ನಡೆಯಬಹುದು, ಕೂರಬಹುದು, ಹಾರಬಹುದು, ಮಾತನ್ನು ಟೈಪು ಮಾಡಿ ಆಡಬಹುದು. ಹಾಗೆ ಕಟ್ಟುವವರಿಗೆ ಕನ್ನಡದಲ್ಲಿ ಪಾಠ ಬರೆಯುವುದು, ಅವರು ಕೇಳಿದ್ದಕ್ಕೆ ಉತ್ತರ ಕೊಡುವುದು ನಮ್ಮ ಕಸುಬು. ಕಚೇರಿ ಮೂಡುಬಿದಿರೆಯಲ್ಲಿ, ಒಂದು ಬಟ್ಟೆಯಂಗಡಿಯ ಮೇಲಿನ ಮಾಳಿಗೆಯಲ್ಲಿ.

ಬೇರೆ ಕಡೆ ಅಂಥದ್ದೇ ಕೆಲಸಕ್ಕೆ ಈಗ ಸೇರುತ್ತಿರುವ ಕೆಲವರು ನನ್ನನ್ನು ಕೇಳಿದರು: ಅಲ್ಲಿ ಹೇಗಿತ್ತು, ನಾವು ಏನು ಕಲಿಯಬೇಕು? ಬಡ್ತಿ ಬಂದದ್ದು, ಮೆಚ್ಚುಗೆ ಪತ್ರ ಸಿಕ್ಕಿದ್ದು ಹೇಳಿ ಏನೂ ಪ್ರಯೋಜನವಿಲ್ಲ. ಬಂಟ್ವಾಳದ ಒಬ್ಬ ಹೆಂಗಸು ಎರಡು ವರ್ಷ ಕೂತು ಆ ಲೋಕದಲ್ಲಿ ಒಂದು ಬೀದಿ ಕಟ್ಟಿದ್ದರು. ಅದು ನನ್ನ ಒಂದು ಉತ್ತರದಿಂದ ಹಾಳಾಯಿತು. ಹೇಳಬೇಕಾದದ್ದು ಅದು. ಅಂಥ ಉತ್ತರ ಬರೆಯುವವಳಾಗಿ ನಾನು ತಯಾರಾದದ್ದು ಹೇಗೆಂಬುದನ್ನು ಮೊದಲು ಹೇಳಿದರೆ ಮುಂದಿನದ್ದು ಅರ್ಥವಾದೀತು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗಿ. ಪರವೋ ವಿರೋಧವೋ ಎಂದು ಚೀಟಿ ಎತ್ತಿ ತಿಳಿಯಬೇಕು. ಹತ್ತು ನಿಮಿಷ ತಯಾರಿ, ಐದು ನಿಮಿಷ ಮಾತು. ನಾಲ್ಕನೆಯ ನಿಮಿಷಕ್ಕೆ ಒಂದು ಗಂಟೆ ಹೊಡೆಯುತ್ತಿತ್ತು, ಐದನೆಯದಕ್ಕೆ ಎರಡು. ಒಂದು ವಾರ ಪುತ್ತೂರಿನಲ್ಲಿ ಅಣೆಕಟ್ಟು ಬೇಕೆಂದು ವಾದಿಸಿ ಗೆದ್ದೆ. ಮುಂದಿನ ವಾರ ಬೆಳ್ತಂಗಡಿಯಲ್ಲಿ ಅಣೆಕಟ್ಟು ಬೇಡವೆಂದು ವಾದಿಸಿ ಗೆದ್ದೆ. ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿ ಒಂದು ಅಣೆಕಟ್ಟು ಇತ್ತು. ಅದನ್ನು ನಾನು ನೋಡಿರಲಿಲ್ಲ. ನೋಡಬೇಕೆಂದು ತೋರಿದ್ದೂ ಇಲ್ಲ. ಎದುರಾಳಿ ಬಾಯಿ ಮುಚ್ಚಿದರೆ ನಾನು ಗೆದ್ದೆ. ಅಲ್ಲಿಗೆ ವಿಷಯ ಮುಗಿಯಿತು.

ಡಿಗ್ರಿ ಮುಗಿದ ಮೇಲೆ ಬಂಟ್ವಾಳದ ಕ್ರಾಸಿನಲ್ಲಿ ಒಂದು ಕಂಪ್ಯೂಟರ್ ತರಬೇತಿ ಕೇಂದ್ರ ಸೇರಿದೆ. ಎರಡು ಕಂಪ್ಯೂಟರ್, ಇಪ್ಪತ್ತು ಮಂದಿ. ಆದ್ದರಿಂದ ಪಾಠವೆಂದರೆ ನೋಟ್ಸ್. ನಾನು ಹೇಳುವುದು, ಅವರು ಬರೆದುಕೊಳ್ಳುವುದು. ನಿವೃತ್ತ ಪೋಸ್ಟ್‌ಮಾಸ್ಟರ್ ಒಬ್ಬರು ಬರುತ್ತಿದ್ದರು. ಎರಡು ದಿನ ನಾನು ಮೌಸಿನ ಬಗ್ಗೆ, ಅದರ ವಿಧಗಳು, ಉಪಯೋಗಗಳು, ಅದು ಹುಟ್ಟಿದ ಬಗೆ ಎಂದು ಹೇಳಿ ಬರೆಸಿದ ಮೇಲೆ ಅವರ ಸರದಿ ಬಂತು. ಮೌಸನ್ನು ಸರಿಸುತ್ತಾ ಸರಿಸುತ್ತಾ ಮೇಜಿನ ಅಂಚಿಗೆ ತಂದು ನಿಲ್ಲಿಸಿ, ಬಹಳ ಮರ್ಯಾದೆಯಿಂದ ಕೇಳಿದರು: "ಟೀಚರೇ, ಮೇಜು ಮುಗಿಯಿತು. ಇನ್ನು ಮುಂದೆ ಎಲ್ಲಿಗೆ?"

ಮೌಸನ್ನು ಎತ್ತಿ ಮತ್ತೆ ನಡುವಿಗೆ ಇಡಬಹುದು ಎಂದು ನಾನು ಬರೆಸಿರಲಿಲ್ಲ. ಕ್ಲಾಸು ನಕ್ಕಿತು, ನಾನೂ ನಕ್ಕೆ. ನಕ್ಕದ್ದು ಅವರನ್ನು ನೋಡಿ. ಆ ದಿನವೇ ನನ್ನನ್ನು ನೋಡಿ ನಕ್ಕಿದ್ದರೆ ಈ ಬರಹದ ಅಗತ್ಯವೇ ಬೀಳುತ್ತಿರಲಿಲ್ಲವೇನೋ.

ಎರಡು ಸಾವಿರದ ಆಚೆ, ಮನೆಮನೆಗೆ ಬ್ರಾಡ್‌ಬ್ಯಾಂಡ್ ಬರತೊಡಗಿದ ಕಾಲದಲ್ಲಿ ವಸಂತ ಸರ್ ನನ್ನನ್ನು ಮೂಡುಬಿದಿರೆಗೆ ಕರೆದರು. ಅವರು ಮೊದಲು ಕಾಲೇಜಿನಲ್ಲಿ ಉಪನ್ಯಾಸಕರು. ಎಷ್ಟೋ ಸ್ಪರ್ಧೆಗಳಲ್ಲಿ ನನಗೆ ಅಂಕ ಹಾಕಿದ ನಿರ್ಣಾಯಕರು. ಹೊರದೇಶದ ಕಂಪೆನಿಯ ಕನ್ನಡ ವಿಭಾಗ ಅವರ ಕೈಗೆ ಬಂದಾಗ, ಚೆನ್ನಾಗಿ ಬರೆಯುವ, ಚೆನ್ನಾಗಿ ಉತ್ತರ ಕೊಡುವ ಮಕ್ಕಳು ಬೇಕೆಂದು ತಮ್ಮ ಹಳೆಯ ಅಂಕಪಟ್ಟಿಗಳನ್ನು ನೆನಪು ಮಾಡಿಕೊಂಡು ನಮ್ಮನ್ನು ಸೇರಿಸಿದರು. ಹೀಗಾಗಿ ಆ ಕಚೇರಿಯಲ್ಲಿ ಎಂಟು ಮಂದಿ ಇದ್ದರೆ ಏಳು ಮಂದಿ ಚರ್ಚಾಪಟುಗಳು. ಸ್ಪರ್ಧೆಯ ಗಂಟೆಯೂ ಅವರ ಮೇಜಿಗೆ ಬಂದು ಕೂತಿತು.

ಕಟ್ಟುವವರು ಕಳಿಸುವ ಪ್ರತಿ ಪ್ರಶ್ನೆಗೂ ಒಂದು ಸಂಖ್ಯೆ ಬೀಳುತ್ತಿತ್ತು. ಅದಕ್ಕೆ ಟಿಕೆಟ್ ಎನ್ನುತ್ತಿದ್ದೆವು. ನಾವು ಉತ್ತರ ಕೊಟ್ಟ ಮೇಲೆ ಏಳು ದಿನ ಆ ಕಡೆಯಿಂದ ಮಾತು ಬಾರದಿದ್ದರೆ ಕಂಪ್ಯೂಟರ್ ತಾನಾಗಿಯೇ ಟಿಕೆಟಿನ ಮೇಲೆ 'ಪರಿಹಾರವಾಗಿದೆ' ಎಂದು ಬರೆದು ಮುಚ್ಚುತ್ತಿತ್ತು. ಹಾಗೆ ಒಂದು ಮುಚ್ಚಿದಾಗ ಸರ್ ಗಂಟೆ ಹೊಡೆಯುತ್ತಿದ್ದರು. ಟಣ್. "ಶೈಲಾ, ಒಂದು."

ಎದುರಿನವರು ಸುಮ್ಮನಾದರೆ ನಮ್ಮ ಗೆಲುವು ಎನ್ನುವುದು ನಮಗೆ ಯಾರೂ ಹೊಸದಾಗಿ ಕಲಿಸಬೇಕಾದ ವಿದ್ಯೆಯಾಗಿರಲಿಲ್ಲ. ನಮ್ಮ ಊರಿನವರು ಸುಮ್ಮನಾಗುವುದರಲ್ಲಿ ಎಂಥವರು ಎನ್ನುವುದು ಮಾತ್ರ ನಮಗೆ ಗೊತ್ತಿರಬೇಕಿತ್ತು, ನಾವೂ ಇಲ್ಲಿಯವರೇ ಆದ್ದರಿಂದ. ಇಲ್ಲಿ ಓದಿದವರ ಎದುರು ಯಾರೂ ಜಗಳಕ್ಕೆ ನಿಲ್ಲುವುದಿಲ್ಲ. ಮನೆಯಲ್ಲಿ ತುಳುವಿನಲ್ಲೋ ಬ್ಯಾರಿಯಲ್ಲೋ ಅಬ್ಬರಿಸುವವರು ಶಾಲೆಯ ಕನ್ನಡದ ಎದುರು ಬಂದಾಗ ತಲೆಯಾಡಿಸಿ ಹೊರಡುತ್ತಾರೆ.

ಎಂಟನೆಯವನು ಲ್ಯಾನ್ಸಿ. ಬೆಳ್ತಂಗಡಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ. ಚರ್ಚೆ ಇರಲಿ, ಮಾತೇ ಕಡಿಮೆ. ಟಿಕೆಟ್ ಬಂದರೆ ಉತ್ತರ ಬರೆಯುವ ಬದಲು ಆ ಲೋಕದೊಳಗೆ ಹೋಗಿ, ಪ್ರಶ್ನೆ ಕೇಳಿದವರು ಕಟ್ಟಿದ್ದನ್ನೇ ತಾನೂ ಕಟ್ಟುತ್ತಾ ಕೂರುತ್ತಿದ್ದ. ದಿನಕ್ಕೆ ನನ್ನದು ಹದಿನೈದು ಟಿಕೆಟ್ ಮುಗಿದರೆ ಅವನದು ಮೂರು. ತಿಂಗಳ ಕೊನೆಯಲ್ಲಿ ಅವನ ಹೆಸರು ಯಾವಾಗಲೂ ತಳದಲ್ಲಿ. ನಾನು ಅವನನ್ನು "ಮೇಸ್ತ್ರಿ" ಎಂದು ಕರೆಯುತ್ತಿದ್ದೆ, ಹೊಗಳಿಕೆಯಾಗಿ ಅಲ್ಲ.

ಒಮ್ಮೆ ಬೆಳ್ತಂಗಡಿಯಲ್ಲಿ ಹೊಸಬರಿಗೆ ಒಂದು ದಿನದ ಶಿಬಿರ ಮಾಡಿದೆವು. ಬಾಡಿಗೆಗೆ ಒಂದು ಸಭಾಭವನ, ಆರು ಕಂಪ್ಯೂಟರ್. 'ಕಲ್ಪಿತ ಲೋಕ ಎಂದರೇನು' ಎಂದು ನಾನು ಮುಕ್ಕಾಲು ಗಂಟೆ ಮಾತಾಡಿದೆ. ಚಪ್ಪಾಳೆ ಬಿತ್ತು. ಅದರ ಹಿಂದೆಯೇ ಕರೆಂಟು ಹೋಯಿತು. ಮತ್ತೆ ಬಂದದ್ದು ಊಟದ ನಂತರ. ನೆರಿಯದಿಂದ ಮೊದಲ ಬಸ್ಸಿಗೆ ಹೊರಟು ಬಂದ ಡ್ರಾಯಿಂಗ್ ಮಾಸ್ಟರ್ ಒಬ್ಬರು ನನ್ನನ್ನು ಹುಡುಕಿಕೊಂಡು ಬಂದರು.

"ಮೇಡಂ, ಒಂದು ಏಣಿ ಮಾಡುದು ಹೇಗೆ ಅಂತ ತೋರಿಸ್ತೀರಾ? ಮಕ್ಕಳಿಗೆ ಕಾಡಿನ ಅಟ್ಟಣಿಗೆ ಕಟ್ಟಿದ್ದೇನೆ, ಹತ್ಲಿಕ್ಕೆ ಆಗುದಿಲ್ಲ."

"ಈ ಲೋಕದಲ್ಲಿ ಗೊಂಬೆಗಳು ಹಾರ್ತವೆ ಮಾಸ್ಟ್ರೇ. ಹಾರುವವರಿಗೆ ಏಣಿ ಯಾಕೆ?" ಎಂದೆ. ಸುತ್ತ ಇದ್ದವರು ನಕ್ಕರು.

"ಹೌದಲ್ವಾ," ಎಂದರು ಅವರು. ಟೊಪ್ಪಿ ತಲೆಗೆ ಹಾಕಿಕೊಂಡು ಎರಡೂವರೆಯ ಬಸ್ಸಿಗೆ ಹೋದರು. ಮತ್ತೆ ಅವರ ಹೆಸರಿನಲ್ಲಿ ಒಂದು ಟಿಕೆಟೂ ಬರಲಿಲ್ಲ. ಹಿಂದಿರುಗುವಾಗ ಬಸ್ಸಿನಲ್ಲಿ ಲ್ಯಾನ್ಸಿ ಕಿಟಕಿಯ ಹೊರಗೆ ನೋಡುತ್ತಾ ಹೇಳಿದ: "ಅವರಿಗೆ ಬೇಕಾದ್ದು ಹತ್ತುದು ಮಾರಾಯ್ತಿ. ಮೇಲೆ ಮುಟ್ಟುದಲ್ಲ." ನಾನು ಅದಕ್ಕೂ ಒಂದು ಉತ್ತರ ಕೊಟ್ಟೆ. ಏನೆಂದು ಈಗ ನೆನಪಿಲ್ಲ, ಕೊಟ್ಟದ್ದಂತೂ ನಿಜ.

ಸಫಿಯಾ ಅವರ ಮೊದಲ ಟಿಕೆಟ್ ಬಂದದ್ದು ಅದಾದ ಮುಂದಿನ ಮಳೆಗಾಲ. ಬಂಟ್ವಾಳ ಪೇಟೆಯವರು, ಪಿಯುಸಿ ತನಕ ಓದಿದವರು, ಗಂಡ ಗಲ್ಫಿನ ದಮ್ಮಾಮಿನಲ್ಲಿ ಕೆಲಸಕ್ಕೆ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದರು. "ಮೇಡಂ, ನಮ್ಮ ಬೀದಿಯ ಕೊನೆಗೆ ನದಿಗೆ ಇಳಿಯುವ ಮೆಟ್ಟಿಲು ಮಾಡಿದ್ದೇನೆ. ನೀರು ಮೇಲೆ ಬರುದು ಹೇಗೆ? ಮೂರು ಮೆಟ್ಟಿಲು ಬಂದರೆ ಸಾಕು."

ಆ ಲೋಕದ ನೀರಿಗೆ ಒಂದೇ ಮಟ್ಟ. ಅದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ನಾನು ಮುಂದುವರಿಸಿದೆ: ಪ್ರತಿವರ್ಷ ಅಂಗಡಿಗಳಿಗೆ ನೀರು ನುಗ್ಗಿ ಜನ ಸಾಮಾನು ಹೊರುವ ಊರಿನವರಾದ ನೀವು, ನೆರೆಯಿಲ್ಲದ ಒಂದು ಲೋಕ ಸಿಕ್ಕಿದಾಗ ಅಲ್ಲಿಗೂ ನೆರೆಯನ್ನು ಕರೆಯುವುದೇಕೆ? ನೆರೆ ಇಲ್ಲದಿರುವುದು ಇಲ್ಲಿನ ಕೊರತೆಯಲ್ಲ, ಅನುಕೂಲ. ವಸಂತ ಸರ್ ಅದನ್ನು ಎಲ್ಲರಿಗೂ ಓದಿ ಹೇಳಿದರು. "ಭಾಷೆ ನೋಡಿ, ಭಾಷೆ!" ಏಳು ದಿನದ ಮೇಲೆ ಗಂಟೆ ಹೊಡೆಯಿತು.

"ಅವರು ನೀರು ಹೇಗೆ ತರುದು ಅಂತ ಕೇಳಿದ್ದು," ಎಂದ ಲ್ಯಾನ್ಸಿ. "ಬೇಕಾ ಬೇಡವಾ ಅಂತ ಕೇಳ್ಲಿಲ್ಲ."

ಅವನು ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಕೂತು ನೀಲಿ ಗಾಜಿನಂಥ ಒಂದು ತೆಳು ಹಾಳೆ ಮಾಡಿ, ಅದನ್ನು ಮೆಟ್ಟಿಲಿನಿಂದ ಮೆಟ್ಟಿಲಿಗೆ ಏರಿಸುವ ಬಗೆಯನ್ನು ಸಫಿಯಾ ಅವರಿಗೆ ಬರೆದು ಕಳಿಸಿದ. ಮುಂದಿನ ಶುಕ್ರವಾರ ಅವರು ನಮ್ಮಿಬ್ಬರನ್ನೂ ಬೀದಿ ನೋಡಲು ಕರೆದರು.

ನಾನು ಹೋದೆ. ಬಂಟ್ವಾಳ ಪೇಟೆಯ ಓಣಿಯಂಥದ್ದೇ ಉದ್ದನೆಯ ಓಣಿ, ಎರಡೂ ಬದಿಗೆ ಹಂಚಿನ ಅಂಗಡಿಗಳು. ಒಂದು ಕೊನೆಗೆ ನದಿಯ ಮೆಟ್ಟಿಲು, ಇನ್ನೊಂದು ಕೊನೆಗೆ ಒಂದು ಚಹಾದಂಗಡಿ. ನೀರು ಮೂರು ಮೆಟ್ಟಿಲು ಏರಿತ್ತು. ಅಂಗಡಿಯಲ್ಲಿ ಒಂದೇ ಒಂದು ಗೊಂಬೆ ನಿಂತು ಒಂದೇ ಸಮನೆ ಮಾತಾಡುತ್ತಿತ್ತು, ಅದೂ ತನ್ನ ಜೊತೆ ತಾನೇ ಜಗಳವಾಡುವವರ ಹಾಗೆ. ಶುಕ್ರವಾರ ಗಲ್ಫಿನಲ್ಲಿ ರಜೆ. ಸಫಿಯಾ ಅವರ ಗಂಡ ಇದ್ದ ಕೆಲಸಗಾರರ ಕ್ಯಾಂಪಿನಲ್ಲಿ ಒಂದು ಕಂಪ್ಯೂಟರಿನ ಮುಂದೆ ನಮ್ಮ ಕಡೆಯ ಏಳೆಂಟು ಮಂದಿ ಒಬ್ಬರ ಮೇಲೊಬ್ಬರು ಬಗ್ಗಿ ಕೂತು ಒಂದೇ ಗೊಂಬೆಯ ಬಾಯಿಯಲ್ಲಿ ಮಾತಾಡುತ್ತಿದ್ದರು.

"ಬೆಂಚು ಈ ಬದಿಗೆ ಅಲ್ಲ, ಗೋಡೆಯ ಬದಿಗೆ."

"ಗೋಡೆಯ ಬದಿಗೆ ಇದ್ದದ್ದು ಸೌದೆ. ನೀನು ಕಲ್ಲಡ್ಕದವ, ಬಂಟ್ವಾಳ ಪೇಟೆಯ ಬೆಂಚು ನಿನಗೆಂತ ಗೊತ್ತು?"

"ನಾನು ಅದರಲ್ಲಿ ಕೂತು ಗೋಳಿಬಜೆ ತಿಂದದ್ದು ಮಾರಾಯ!"

"ತಿಂದದ್ದು ಮಾತ್ರ. ದುಡ್ಡು ಕೊಟ್ಟವರಿಗೆ ಬೆಂಚು ನೆನಪುಂಟು."

"ಸಫಿಯಾ, ನೀ ಒಮ್ಮೆ ಗೋಡೆಯ ಬದಿಗೆ ಇಡು, ನೋಡುವ."

ಸಫಿಯಾ ಬೆಂಚನ್ನು ಎತ್ತಿ ಗೋಡೆಯ ಬದಿಗೆ ಇಟ್ಟರು. ಗೊಂಬೆ ಒಂದು ಸುತ್ತು ಬಂದು ನೋಡಿತು. ಮತ್ತೆ: "ಅಲ್ಲ. ಅವ ಹೇಳಿದ್ದೇ ಸರಿ. ಆಚೆಗೇ ಇಡು." ಆಮೇಲೆ ಬೋಂಡದ ಕಪಾಟಿನ ಗಾಜು ಒಡೆದಿತ್ತೋ ಇಲ್ಲವೋ ಎಂದು ಶುರುವಾಯಿತು. ಆ ಅಂಗಡಿ ಎಷ್ಟೋ ವರ್ಷ ಮೊದಲು ಮುಚ್ಚಿದ್ದಂತೆ. ವಾರಕ್ಕೊಂದು ಜಗಳದಲ್ಲಿ ಒಂದೊಂದು ಸಾಮಾನು ಅದರ ಜಾಗಕ್ಕೆ ಬರುತ್ತಿತ್ತು.

ನಾನು ಹತ್ತು ನಿಮಿಷ ನೋಡಿದೆ. ಇವರ ವಾದಕ್ಕೆ ಕ್ರಮವಿಲ್ಲ, ಆಧಾರವಿಲ್ಲ, ಕೊನೆಯಿಲ್ಲ ಎಂದು ಮನಸ್ಸಿನಲ್ಲೇ ಅಂಕ ಕಳೆದು ಹೊರಬಂದೆ.

ಆ ದಿನಗಳಲ್ಲಿ ಪಾಠ ಬರೆಯುವ ಕ್ರಮ ಬದಲಾಗುತ್ತಿತ್ತು. ಮೊದಲು ಬರೀ ಅಕ್ಷರ, ಆಮೇಲೆ ಚಿತ್ರ, ಆಮೇಲೆ ಲ್ಯಾನ್ಸಿಯಂಥವರು ಮಾಡುವ ಸಣ್ಣ ವಿಡಿಯೊ. ವಿಡಿಯೊ ನೋಡುವವರು ಯೋಚಿಸುವುದಿಲ್ಲ ಎಂದು ನಾನು ವಿರೋಧಿಸಿದೆ. ನನ್ನ ಇಪ್ಪತ್ತು ಪಾಠಗಳು ಬರವಣಿಗೆಯಲ್ಲೇ ಉಳಿದವು. ಅದರಲ್ಲಿ ಏಳನೆಯದು, ಕಟ್ಟಿದ್ದನ್ನು ಒಂದು ಜಾಗದಿಂದ ಎತ್ತಿ ಇನ್ನೊಂದು ಜಾಗಕ್ಕೆ ಒಯ್ಯುವ ಪಾಠ. ಎಲ್ಲವನ್ನೂ ಒಟ್ಟಿಗೆ ಆರಿಸಿ, ಒಂದು ಗುಂಡಿ ಒತ್ತಿದರೆ ಎಲ್ಲವೂ ಗೊಂಬೆಯ ಚೀಲದೊಳಗೆ ಹೋಗುತ್ತದೆ. ಹೊಸ ಜಾಗದಲ್ಲಿ ಚೀಲದಿಂದ ಹೊರಗೆ ತೆಗೆದರಾಯಿತು. ನಾನೇ ಪರೀಕ್ಷಿಸಿ ಬರೆದದ್ದು. ಪರೀಕ್ಷಿಸಿದ್ದು ಒಂದು ಕೋಣೆ, ಒಂದು ಮೇಜು, ಎರಡು ಕುರ್ಚಿಯ ಮೇಲೆ. ಅದಕ್ಕಿಂತ ದೊಡ್ಡದನ್ನು ನಾನು ಆ ಲೋಕದಲ್ಲಿ ಎಂದೂ ಕಟ್ಟಿರಲಿಲ್ಲ.

ಸಫಿಯಾ ಅವರ ಎರಡನೆಯ ಟಿಕೆಟ್: "ಮೇಡಂ, ಪಾಠ ಏಳು ಸಣ್ಣದಕ್ಕೆ ಆಗ್ತದೆ. ಉದ್ದದ್ದಕ್ಕೆ ಆಗುದಿಲ್ಲ. ನಾಲ್ಕು ಅಂಗಡಿ ಒಟ್ಟಿಗೆ ಎತ್ತಿ ನೋಡಿದೆ. ಹತ್ತಿರದ್ದು ಚೀಲಕ್ಕೆ ಬಂತು, ದೂರದ್ದು ಅಲ್ಲೇ ನಿಂತಿದೆ ಅಂತ ಕಾಣ್ತದೆ. ಪಾಠದಲ್ಲಿ ತಪ್ಪು ಉಂಟಾ?"

ಪಾಠದಲ್ಲಿ ತಪ್ಪು ಉಂಟಾ! ಅಷ್ಟು ಸಾಕಾಯಿತು. ನಾನು ಹನ್ನೊಂದು ಅಂಶಗಳ ಉತ್ತರ ಬರೆದೆ. ಆರಿಸುವಾಗ ನಿಮ್ಮ ಕೈ ತಪ್ಪಿರಬಹುದು. ಒಂದು ಸಲದ ಅನುಭವದಿಂದ ನಿಯಮವನ್ನು ಅಲ್ಲಗಳೆಯಲಾಗುವುದಿಲ್ಲ. ಪಾಠ ಬಂದು ಇಷ್ಟು ದಿನವಾದರೂ ಬೇರೆ ಯಾರೂ ದೂರಿಲ್ಲ. ಹೀಗೆ ಸಾಗಿ ಒಂಬತ್ತನೆಯ ಅಂಶ: ನಿಮ್ಮ ಮನೆಯ ಇಂಟರ್‌ನೆಟ್ ನಿಧಾನವಾದ್ದರಿಂದ, ಚೀಲಕ್ಕೆ ಹೋದ ವಸ್ತುವಿನ ನೆರಳು ಪರದೆಯಲ್ಲಿ ಸ್ವಲ್ಪ ಹೊತ್ತು ಉಳಿಯುತ್ತದೆ, ದೂರದ ಅಂಗಡಿ ನಿಂತ ಹಾಗೆ ಕಂಡರೆ ಅದು ಅಂಗಡಿಯಲ್ಲ, ನೆರಳು, ಗಾಬರಿ ಬೇಡ.

ಒಂಬತ್ತನೆಯ ಅಂಶಕ್ಕೆ ನನ್ನಲ್ಲಿ ಯಾವ ಆಧಾರವೂ ಇರಲಿಲ್ಲ. ಬರೆಯುತ್ತಾ ಬರೆಯುತ್ತಾ ಹೊಳೆಯಿತು. ಸ್ಪರ್ಧೆಯಲ್ಲಿ ನಾಲ್ಕನೆಯ ನಿಮಿಷದ ಗಂಟೆ ಹೊಡೆದ ಮೇಲೆ ಹೊಳೆಯುತ್ತದಲ್ಲ, ಹಾಗೆ.

ಲ್ಯಾನ್ಸಿ ಹಿಂದೆ ನಿಂತು ಓದಿದ. "ಒಮ್ಮೆ ಉದ್ದಕ್ಕೆ ಕಟ್ಟಿ ನೋಡು ಮಾರಾಯ್ತಿ. ಅರ್ಧ ದಿನದ ಕೆಲಸ."

"ಅರ್ಧ ದಿನಕ್ಕೆ ನಾನು ಏಳು ಟಿಕೆಟ್ ಮುಗಿಸ್ತೇನೆ ಮೇಸ್ತ್ರಿ."

ಸಂಜೆ ಉತ್ತರ ಬಂತು. "ಸರಿ ಮೇಡಂ. ನನ್ನದೇ ತಪ್ಪು ಇರಬೇಕು. ತೊಂದರೆ ಕೊಟ್ಟೆ." ಏಳು ದಿನದ ಮೇಲೆ ಗಂಟೆ. ಟಣ್.

ಮೂರು ತಿಂಗಳ ನಂತರ ಕಂಪೆನಿ ಹಳೆಯ ನೆಲವನ್ನೆಲ್ಲ ಒಂದೇ ದಿನ ಅಳಿಸಿ ಎಲ್ಲರಿಗೂ ಹೊಸ ನೆಲ ಕೊಟ್ಟಿತು. ಇಂಥ ದಿನದೊಳಗೆ ನಿಮ್ಮ ನಿಮ್ಮದನ್ನು ಎತ್ತಿಕೊಳ್ಳಿ, ಎತ್ತುವ ಬಗೆಗೆ ಪಾಠ ಏಳು ನೋಡಿ ಎಂದು ಎಲ್ಲರಿಗೂ ಮೊದಲೇ ಸೂಚನೆ ಹೋಗಿತ್ತು. ಸೂಚನೆಯ ಕನ್ನಡವೂ ನನ್ನದೇ. ಆ ವಾರ ನಮಗೆ ಬಂದ ದೂರು ಬಹಳ ಕಡಿಮೆ. ಎಲ್ಲವೂ ಸಲೀಸಾಗಿ ಆಯಿತೆಂದು ವಸಂತ ಸರ್ ಎಲ್ಲರಿಗೂ ಐಸ್‌ಕ್ರೀಮು ತರಿಸಿದರು. ತಿಂದೆವು.

ಇದಾದ ಮೇಲೆ ಸುಮಾರು ಎರಡು ವರ್ಷ ನಾನು ಅಲ್ಲೇ ಇದ್ದೆ. ಸಫಿಯಾ ಅವರ ನೆನಪು ಒಮ್ಮೆಯೂ ಬರಲಿಲ್ಲ ಎಂದರೆ ನೀವು ನಂಬಬೇಕು. ನಂಬದಿದ್ದರೆ ನನ್ನ ಮೇಲೆ ಕರುಣೆ ತೋರಿದ ಹಾಗೆ.

ಕನ್ನಡ ವಿಭಾಗ ಮುಚ್ಚುವುದೆಂದು ತೀರ್ಮಾನವಾದಾಗ, ಪಾಠಗಳನ್ನೆಲ್ಲ ಇನ್ನೊಮ್ಮೆ ಪರೀಕ್ಷಿಸಿ ಮುಖ್ಯ ಕಚೇರಿಗೆ ಕಳಿಸಬೇಕೆಂದು ಆದೇಶ ಬಂತು. ಏಳನೆಯ ಪಾಠ ಲ್ಯಾನ್ಸಿಯ ಪಾಲಿಗೆ ಬಿತ್ತು. ಅವನು ತನ್ನ ಅಭ್ಯಾಸದಂತೆ ಕಟ್ಟಲು ಕೂತ. ಈ ಕೊನೆಯಿಂದ ಆ ಕೊನೆಗೆ ಒಂದು ಉದ್ದ ಗೋಡೆ. ಮಧ್ಯಾಹ್ನದ ಹೊತ್ತಿಗೆ ಕರೆದ.

"ಶೈಲಾ, ಇಲ್ಲಿ ಬಾ."

ಅವನ ಗೊಂಬೆ ಗೋಡೆಯ ನಡುವಿನಲ್ಲಿ ನಿಂತಿತ್ತು. ಎಲ್ಲವನ್ನೂ ಆರಿಸಿದ, ಇಡೀ ಗೋಡೆ ಹಳದಿಯಾಗಿ ಹೊಳೆಯಿತು. ಗುಂಡಿ ಒತ್ತಿದ. ನಡುವಿನ ಗೋಡೆ ಮಾಯವಾಯಿತು. ಎರಡು ತುದಿಗಳು ನಿಂತೇ ಇದ್ದವು. ಗೊಂಬೆಗೆ ಹತ್ತಿರವಿದ್ದದ್ದನ್ನು ಮಾತ್ರ ಚೀಲ ಎತ್ತುತ್ತಿತ್ತು.

"ನೆರಳು ಇರಬಹುದು," ಎಂದೆ. ನಾನು ಹೇಳಿದ್ದೇ ಹಾಗೆ.

ಅವನು ಕುರ್ಚಿ ಬಿಟ್ಟೆದ್ದು ನನ್ನನ್ನು ಕೂರಿಸಿದ. ನನ್ನ ಗೊಂಬೆಯನ್ನು ಆ ತುದಿಗೆ ನಡೆಸಿದೆ. ಗೋಡೆಗೆ ಹಣೆ ತಾಗಿ ಗೊಂಬೆ ನಿಂತಿತು. ನೆರಳಿಗೆ ಹಣೆ ತಾಗುವುದಿಲ್ಲ.

ಅಂದು ಏಳನೆಯ ಪಾಠದ ಹಳೆಯ ಟಿಕೆಟ್‌ಗಳನ್ನೆಲ್ಲ ತೆಗೆದೆ. ಸಫಿಯಾ ಒಬ್ಬರೇ ಅಲ್ಲ, ಇನ್ನೂ ಕೆಲವರು ಅದನ್ನೇ ಕೇಳಿದ್ದರು. ಅವರಲ್ಲಿ ಇಬ್ಬರಿಗೆ, ಬೇರೆ ಯಾರೂ ಹೀಗೆ ಹೇಳಿಲ್ಲ ಎಂದು ಬರೆದಿದ್ದೆ. ಎಲ್ಲವೂ ಒಂದೇ ರೀತಿ ಮುಗಿದಿದ್ದವು: ಸರಿ ಮೇಡಂ, ಆಗಲಿ ಮೇಡಂ, ಥ್ಯಾಂಕ್ಸ್ ಮೇಡಂ. ಎಲ್ಲದರ ಮೇಲೂ 'ಪರಿಹಾರವಾಗಿದೆ'. ಸಫಿಯಾ ಅವರ ಖಾತೆ ನೋಡಿದೆ. ಹೊಸ ನೆಲ ಸಿಕ್ಕಿ ಮೂರನೆಯ ಶುಕ್ರವಾರದ ನಂತರ ಅವರು ಆ ಲೋಕಕ್ಕೆ ಬಂದಿರಲೇ ಇಲ್ಲ.

ನಾನು ಅವರ ಟಿಕೆಟನ್ನು ಮತ್ತೆ ತೆರೆದೆ. ಕಾರಣ ಬರೆಯಿರಿ ಎಂದು ಕಂಪ್ಯೂಟರ್ ಕೇಳಿತು. 'ಅವರು ಹೇಳಿದ್ದು ಸರಿ ಇತ್ತು' ಎಂದು ಬರೆದೆ. ವಸಂತ ಸರ್ ಮೇಜಿನ ಹತ್ತಿರ ಬಂದು ನಿಂತರು.

"ಮುಂದಿನ ವಾರ ಬಾಗಿಲು ಮುಚ್ಚುದು. ಈಗ ಇದನ್ನು ತೆರೆದು ಎಂತ ಮಾಡ್ತಿ ನೀನು?"

"ಗೊತ್ತಿಲ್ಲ ಸರ್."

ಅವರು ಕನ್ನಡಕ ತೆಗೆದು ಒರೆಸಿದರು. "ಹತ್ತು ವರ್ಷದಿಂದ ನಿನ್ನನ್ನು ಬಲ್ಲೆ. ಗೊತ್ತಿಲ್ಲ ಅಂತ ನಿನ್ನ ಬಾಯಲ್ಲಿ ಕೇಳಿದ್ದು ಇವತ್ತೇ." ಬೈದದ್ದೋ ಅಲ್ಲವೋ ತಿಳಿಯಲಿಲ್ಲ. ಕೆಟ್ಟ ಮನುಷ್ಯರಲ್ಲ ಅವರು. ಸ್ಪರ್ಧೆಯಲ್ಲಿ ಹೇಗೆ ಅಂಕ ಹಾಕುತ್ತಿದ್ದರೋ ಇಲ್ಲಿಯೂ ಹಾಗೆಯೇ ಹಾಕಿದರು, ನಾವು ಹಾಗೆಯೇ ತೆಗೆದುಕೊಂಡೆವು.

ಸಫಿಯಾ ಅವರಿಗೆ ಫೋನು ಮಾಡಿ, ಆದಿತ್ಯವಾರ ಬೆಳಗ್ಗೆ ಬಂಟ್ವಾಳಕ್ಕೆ ಹೋದೆ. ಪೇಟೆಯ ಓಣಿಯ ಹಿಂದೆ ಅವರ ಮನೆ. ನಾನು ಅಂದುಕೊಂಡದ್ದಕ್ಕಿಂತ ಚಿಕ್ಕ ವಯಸ್ಸಿನವರು, ನನ್ನಷ್ಟೇ ಇರಬಹುದು. ಕಂಪ್ಯೂಟರಿನ ಮೇಲೆ ಕಸೂತಿಯ ಬಟ್ಟೆ ಹೊದೆಸಿತ್ತು. ಅದರ ಮೇಲೆ ಮದುವೆ ಕಾಗದಗಳು.

"ಮೇಡಂ, ನೀವು ಇಷ್ಟು ದೂರ ಯಾಕೆ ಬರ್ಲಿಕ್ಕೆ ಹೋದದ್ದು? ಕೂತ್ಕೊಳ್ಳಿ, ಚಾ ಮಾಡ್ತೇನೆ."

ಚಾ ಬರುವ ತನಕ ನಾನು ಬಸ್ಸಿನಲ್ಲಿ ತಯಾರಿಸಿದ ಕ್ಷಮಾಪಣೆಯನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಅದರಲ್ಲೂ ಅಂಶಗಳಿದ್ದವು. ಅವರು ಬಂದು ಎದುರು ಕೂತಾಗ ಮೊದಲ ಅಂಶ ಶುರು ಮಾಡಿದೆ: ಪಾಠ ತಪ್ಪಿತ್ತು, ನೀವು ಸರಿ ಇದ್ದಿರಿ, ನಾನು ಪರೀಕ್ಷಿಸಿರಲಿಲ್ಲ.

"ಹೌದು," ಎಂದರು ಅವರು, ನಾನು ಎರಡನೆಯದಕ್ಕೆ ಬರುವ ಮೊದಲೇ. "ಬೀದಿ ಎತ್ತಿದ ದಿನ ನನಗೆ ಕಾಣ್ತಾ ಇತ್ತು ಮೇಡಂ. ಬೀದಿಯ ನಡುವಿನಲ್ಲಿ ನಿಂತು ಒತ್ತಿದೆ. ಅಂಗಡಿಗಳೆಲ್ಲ ಹೋದವು. ಚಾದ ಅಂಗಡಿ ಅಲ್ಲೇ ಉಂಟು, ಮೆಟ್ಟಿಲು ಅಲ್ಲೇ ಉಂಟು. ಹತ್ತಿರ ಹೋಗಿ ಇನ್ನೊಮ್ಮೆ ಎತ್ತುವ ಅಂತ ಕಂಡಿತು. ಮತ್ತೆ ನಿಮ್ಮ ಕಾಗದ ತೆಗೆದು ಓದಿದೆ. ಪ್ರಿಂಟ್ ತೆಗೆದು ಇಟ್ಟಿದ್ದೆ, ತಪ್ಪು ಆಗ್ಬಾರ್ದು ಅಂತ. ಅದು ಅಂಗಡಿಯಲ್ಲ, ನೆರಳು ಅಂತ ಬರೆದಿದ್ದೀರಿ. ಗಾಬರಿ ಬೇಡ ಅಂತ. ಹಾಗೆ ಕಂಪ್ಯೂಟರ್ ಮುಚ್ಚಿದೆ."

"ಆಮೇಲೆ ಯಾಕೆ ನಮಗೆ ಬರೀಲಿಲ್ಲ?"

"ಎಂತ ಬರಿಯುದು? ನೀವು ಪುನಃ ಹನ್ನೊಂದು ಪಾಯಿಂಟು ಬರೆದರೆ ನನಗೆ ಉತ್ತರ ಕೊಡ್ಲಿಕ್ಕೆ ಬರುದಿಲ್ಲ." ನಗುತ್ತಲೇ ಹೇಳಿದರು. ಚುಚ್ಚಬೇಕೆಂದು ಹೇಳಿದ್ದಲ್ಲ.

ಹೊಸ ನೆಲದಲ್ಲಿ ಬೀದಿಯನ್ನು ಹರಡಿದರಂತೆ. ಅಂಗಡಿಗಳ ಸಾಲು ಎಲ್ಲ ಸರಿಯಾಗಿ ಬಂತು; ಚಹಾದಂಗಡಿ, ಮೆಟ್ಟಿಲು ಹಳೆಯ ನೆಲದ ಜೊತೆ ಅಳಿಸಿಹೋಗಿದ್ದವು. "ಬೀದಿ ಉಂಟು ಮೇಡಂ, ಹೋಗಿ ಕೂರ್ಲಿಕ್ಕೆ ಜಾಗ ಇಲ್ಲ. ಶುಕ್ರವಾರ ಕ್ಯಾಂಪಿನವರೆಲ್ಲ ಬಂದರು. ಆಚೆ ಒಮ್ಮೆ ನಡೆದರು, ಈಚೆ ಒಮ್ಮೆ ನಡೆದರು. 'ಚಾ ಎಲ್ಲಿ' ಅಂತ ಕೇಳಿದರು. ನ್ಯಾಯ ಮಾಡ್ಲಿಕ್ಕೆ, ಜಗಳಕ್ಕೆ ಏನೂ ಇರ್ಲಿಲ್ಲ. ಮತ್ತಿನ ಶುಕ್ರವಾರ ಮೂರು ಮಂದಿ. ಅದರ ಮತ್ತಿನದ್ದಕ್ಕೆ ನಮ್ಮ ಇವರು ಒಬ್ಬರೇ."

"ನಾವು ಕಟ್ಟಿಕೊಡ್ತೇವೆ," ಎಂದೆ. "ನಾನು, ಲ್ಯಾನ್ಸಿ. ಕಚೇರಿ ಮುಚ್ಚಿದರೂ ಆ ಲೋಕ ಇರ್ತದಲ್ಲ. ಎಷ್ಟು ದಿನವಾದರೂ ಕೂತು ಕಟ್ಟುವ."

"ಬೆಂಚು ಎಲ್ಲಿ ಇಡ್ತೀರಿ?"

"ನೀವು ಹೇಳಿದ ಕಡೆ."

"ನನಗೆ ಗೊತ್ತಿದ್ದರೆ ನಾನು ಅವರನ್ನು ಯಾಕೆ ಕೇಳ್ತಿದ್ದೆ?" ಅವರು ತಿಂಡಿಯ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು. "ನಾನು ಆ ಅಂಗಡಿಯ ಒಳಗೆ ಹೋದವಳೇ ಅಲ್ಲ ಮೇಡಂ. ಗಂಡಸರು ಕೂರುವ ಜಾಗ ಅದು. ಶಾಲೆಗೆ ಹೋಗುವಾಗ ಹೊರಗಿಂದ ನೋಡಿದ್ದು. ಒಳಗಿನದ್ದೆಲ್ಲ ಅವರ ಜಗಳದಲ್ಲಿ ಬಂದದ್ದು. ಒಂದೊಂದು ಗ್ಲಾಸಿಗೂ ಜಗಳ. ಈಗ ಎಲ್ಲಿ ಇಟ್ಟರೂ ಅವರು, 'ಹೌದು, ಅಲ್ಲೇ ಇದ್ದದ್ದು' ಅಂತ ಹೇಳ್ತಾರೆ, ನನಗೆ ಬೇಜಾರಾಗ್ಬಾರ್ದು ಅಂತ. ಅದೇ ಜಗಳ ಇನ್ನೊಮ್ಮೆ ಮಾಡಿ ಅಂತ ಹೇಳ್ಲಿಕ್ಕೆ ಆಗ್ತದಾ?"

ಹೊರಗೆ ಓಣಿಯಲ್ಲಿ ಮೀನಿನವನು ಸೈಕಲ್ಲಿನ ಹಾರ್ನ್ ಒತ್ತುತ್ತಾ ಹೋದ.

"ಈಗ ಶುಕ್ರವಾರ ಅವರೆಲ್ಲ ಎಂತ ಮಾಡ್ತಾರೆ?"

"ನಿದ್ದೆ ಮಾಡ್ತಾರೆ ಅಂತೆ," ಎಂದರು ಸಫಿಯಾ.

ಅದಕ್ಕೆ ಹೇಳಬಹುದಾದ ಮಾತು ನನ್ನಲ್ಲಿ ಮೂರಿದ್ದವು. ವಾರವಿಡೀ ದುಡಿದವರಿಗೆ ನಿದ್ದೆ ಒಳ್ಳೆಯದೇ ಎನ್ನುವುದು ಒಂದು. ಉಳಿದೆರಡನ್ನು ಬರೆಯುವುದಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಏನೋ ಹೇಳುತ್ತೇನೆ, ತಾನು ಅದಕ್ಕೂ ಸರಿ ಎನ್ನಬೇಕಾಗುತ್ತದೆ ಎಂದು ಕಾಯುವವರ ಹಾಗೆ. ನಾನು ಹೇಳಲಿಲ್ಲ. ಚಾ ತಣ್ಣಗಾಗಿತ್ತು. ಕುಡಿದೆ.